ದುಬಾಯಿ ಪಟ್ಟಣವೂ ಅಳತೆಯ ಉದ್ಯೋಗವೂ

ಪ್ರವಾಸ ಮಾಡಿ ಬಂದವರು ತಾವು ಕಂಡ ಅರಮನೆ, ಗೋಪುರ, ಸೇತುವೆಗಳ ಉನ್ನತಿಯನ್ನು ಬಣ್ಣಿಸುವುದು ರೂಢಿಯಾಗಿದೆ. ಅವನ್ನು ಕಟ್ಟಿಸಿದ ದೊರೆಯ ಹೆಸರನ್ನೂ, ಕೆಲವೊಮ್ಮೆ ನಕ್ಷೆ ಬರೆದ ಶಿಲ್ಪಿಯ ಹೆಸರನ್ನೂ ಹೇಳುವುದುಂಟು. ಆದರೆ ಆ ಕಟ್ಟಡಕ್ಕೆ ಎಷ್ಟು ಗಾರೆ ಹಿಡಿಯಿತು, ಎಷ್ಟು ಉಕ್ಕು ಹಿಡಿಯಿತು, ಆ ಲೆಕ್ಕವನ್ನು ಬರೆದವರು ಯಾರು, ಕೆಲಸಗಾರರ ಕೂಲಿಗೆ ಬೇಕಾದ ಹಣವು ಯಾರ ರುಜುವಿನಿಂದ ಹೊರಬಿದ್ದಿತು ಎಂದು ವಿಚಾರಿಸುವವರು ವಿರಳ. ಕಳೆದ ಮಾಘಮಾಸದಲ್ಲಿ ನಾವು ದಂಪತಿಗಳು ದುಬಾಯಿ ಪಟ್ಟಣಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದೆವು. ನಮ್ಮ ಅಣ್ಣನ ಮಗಳು ಅಲ್ಲಿ ಇದೇ ಲೆಕ್ಕದ ವೃತ್ತಿಯಲ್ಲಿರುವಳಾದ್ದರಿಂದ, ಆ ಪಟ್ಟಣವನ್ನು ನೋಡುವ ಸಂಗಡಲೇ ಅದನ್ನು ಅಳೆಯುವವರ ಜೀವನವನ್ನೂ ನೋಡುವ ಅವಕಾಶವು ನಮಗೆ ಲಭಿಸಿತು. ಮನೆಯಲ್ಲಿ ಇಂಜಿನಿಯರಿಂಗು ಓದುವ ಮಕ್ಕಳುಳ್ಳ ಗೃಹಸ್ಥರಿಗೆ ಉಪಯೋಗವಾದೀತೆಂದು ಆ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮಂಗಳೂರಿನಲ್ಲಿ ವಿಮಾನವನ್ನು ಏರಿದರೆ ಸುಮಾರು ನಾಲ್ಕು ಗಂಟೆಗಳಲ್ಲಿ ದುಬಾಯಿ ಸೇರಬಹುದು. ಅಲ್ಲಿನ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ನಡೆಯುತ್ತದೆ. ಚಳಿಗಾಲದಲ್ಲಿ ಹವೆಯು ನಮ್ಮ ಬೆಂಗಳೂರಿನಂತೆಯೇ ಹಿತವಾಗಿರುತ್ತದೆ. ಬೇಸಗೆಯಲ್ಲಾದರೋ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಆದ್ದರಿಂದ ನಮ್ಮಂತಹ ವಯಸ್ಸಾದವರು ಮಾರ್ಗಶಿರದಿಂದ ಮಾಘದವರೆಗಿನ ಕಾಲವನ್ನೇ ಆರಿಸಿಕೊಳ್ಳುವುದು ಉತ್ತಮ.

ಪಟ್ಟಣದ ಹಳೆಯ ಭಾಗವನ್ನು ನಾವು ಮೊದಲು ನೋಡಿದೆವು. ಕಡಲ ನೀರು ಮರಳುನೆಲದೊಳಕ್ಕೆ ನುಗ್ಗಿ ಒಂದು ಅಳಿವೆಯಾಗಿದೆ. ಇದನ್ನು ಅಲ್ಲಿಯವರು ಖೋರ್ ಎನ್ನುವರು. ಇದರ ಒಂದು ದಡದಲ್ಲಿ ದೇರಾ, ಮತ್ತೊಂದು ದಡದಲ್ಲಿ ಬರ್ ದುಬಾಯಿ. ಆಬ್ರಾ ಎಂಬ ಚಿಕ್ಕ ದೋಣಿಯಲ್ಲಿ ಒಂದು ದಿರ್ಹಮು ಕೊಟ್ಟು ದಾಟಿದೆವು. ನಮ್ಮ ಕರಾವಳಿಯ ಮಂಜಿಗಳನ್ನು ಹೋಲುವ ಮರದ ಹಡಗುಗಳು ಈಗಲೂ ದಡಕ್ಕೆ ಸಾಲಾಗಿ ನಿಂತು ಸರಕು ತುಂಬಿಕೊಳ್ಳುತ್ತವೆ. ಸಮೀಪದಲ್ಲಿಯೇ ಅಲ್ ಫಹೀದಿ ಎಂಬ ಕೋಟೆಯಿದೆ. ಇದು ಸುಮಾರು ೧೭೮೭ರಲ್ಲಿ ಕಟ್ಟಿದ್ದು. ಅದರ ಬಳಿಯ ಹಳೆಯ ಮನೆಗಳ ಗೋಡೆಗಳು ಕಡಲ ಹವಳದ ಕಲ್ಲಿನವು. ಮಾಳಿಗೆಯ ಮೇಲೆ ನಾಲ್ಕು ಕಡೆಗೂ ಬಾಯಿ ತೆರೆದ ಗಾಳಿಗೋಪುರಗಳಿವೆ. ಎತ್ತ ಕಡೆಯಿಂದ ಗಾಳಿ ಬೀಸಿದರೂ ಅದು ಕೆಳಗಿನ ಕೋಣೆಗೆ ಇಳಿದು ಬರುತ್ತದೆ. ವಿದ್ಯುಚ್ಛಕ್ತಿಯಿಲ್ಲದ ಕಾಲದಲ್ಲಿ ಜನರು ಆ ಬಿಸಿಲನ್ನು ಸಹಿಸಿದ್ದು ಈ ಉಪಾಯದಿಂದಲೇ.

ನಮ್ಮ ದೇಶಕ್ಕೂ ಈ ದಡಕ್ಕೂ ಸಂಬಂಧ ಹೊಸದಲ್ಲ. ೧೯೬೬ರವರೆಗೂ ಈ ಸೀಮೆಯಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ೧೯೫೯ರಿಂದ ಮಾತ್ರ ಅದಕ್ಕಾಗಿ ಭಾರತದ ರಿಸರ್ವ್ ಬ್ಯಾಂಕು ಪ್ರತ್ಯೇಕ ನೋಟುಗಳನ್ನು ಅಚ್ಚು ಹಾಕಿಸುತ್ತಿದ್ದಿತು. ಅದೇ ೧೯೬೬ರಲ್ಲಿ ದುಬಾಯಿಯ ಕಡಲಲ್ಲಿ ಎಣ್ಣೆ ಸಿಕ್ಕಿತು. ೧೯೭೧ನೆಯ ಡಿಸೆಂಬರ್ ೨ರಂದು ಆರು ಸಂಸ್ಥಾನಗಳು ಕೂಡಿ ಒಕ್ಕೂಟವಾದವು. ಮುಂದಿನ ಫೆಬ್ರವರಿಯಲ್ಲಿ ಏಳನೆಯದೂ ಸೇರಿತು. ಎಣ್ಣೆಯು ಬಹುಕಾಲ ನಿಲ್ಲದೆಂಬುದನ್ನು ಅರಿತು, ೧೯೫೮ರಿಂದ ೧೯೯೦ರವರೆಗೆ ಆಳಿದ ಶೇಖ್ ರಾಶಿದರು ಬಂದರು, ಸೇತುವೆ, ವ್ಯಾಪಾರಗೃಹಗಳಿಗೆ ಹಣವನ್ನು ತೊಡಗಿಸಿದರು. ಅಳಿವೆಯ ಮೇಲಿನ ಮೊದಲ ಸೇತುವೆ ೧೯೬೩ರದು. ಜೆಬೆಲ್ ಅಲಿ ಬಂದರು ೧೯೭೯ರದು. ಹೀಗೆ ಮುತ್ತು ತೆಗೆಯುವವರ ಊರು ಒಂದೇ ಆಯುಷ್ಯದೊಳಗೆ ಕಟ್ಟೋಣಗಾರರ ಊರಾಯಿತು.

ಹೊಸ ಪಟ್ಟಣವನ್ನು ನೋಡಲು ಚಾಲಕನಿಲ್ಲದೆ ಓಡುವ ಮೆಟ್ರೋ ರೈಲಿನಲ್ಲಿ ಹೋದೆವು. ಬುರ್ಜ್ ಖಲೀಫಾ ಎಂಬ ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿದಾಗ ನಮ್ಮ ಕುತ್ತಿಗೆ ನೊಂದಿತೇ ಹೊರತು ತುದಿ ಸರಿಯಾಗಿ ಕಾಣಲಿಲ್ಲ. ಎತ್ತರ ೮೨೮ ಮೀಟರು. ಅಂತಸ್ತುಗಳು ೧೬೦ಕ್ಕೂ ಮಿಗಿಲು. ೨೦೦೪ರಲ್ಲಿ ಆರಂಭವಾಗಿ ೨೦೧೦ನೆಯ ಜನವರಿ ೪ರಂದು ಇದರ ಪ್ರಾರಂಭೋತ್ಸವವಾಯಿತು. ನಾವು ಬೆರಗಾಗಿ ನಿಂತಿದ್ದಾಗ ಅಣ್ಣನ ಮಗಳು ನಕ್ಕು, "ಚಿಕ್ಕಪ್ಪ, ಎಲ್ಲರೂ ಎತ್ತರವನ್ನು ಕೇಳುತ್ತಾರೆ. ನಮ್ಮ ಕಸುಬಿನವರು ಕೇಳುವುದು ಬೇರೆ. ಇದಕ್ಕೆ ಹಿಡಿದ ಕಾಂಕ್ರೀಟು ೩,೩೦,೦೦೦ ಘನ ಮೀಟರು, ಕಂಬಿಯ ಉಕ್ಕು ೩೯,೦೦೦ ಟನ್ನು, ಗಾಜು ೧,೦೩,೦೦೦ ಚದರ ಮೀಟರು. ಇದನ್ನೆಲ್ಲ ಯಾರೋ ಒಬ್ಬೊಬ್ಬರು ಕೂತು ಎಣಿಸಿದ್ದಾರೆ" ಎಂದಳು. ಅಷ್ಟು ಕೇಳಿದ ಮೇಲೆ ಆ ಗೋಪುರವು ನಮಗೆ ಬೇರೊಂದು ಬಗೆಯಾಗಿ ಕಾಣತೊಡಗಿತು.

ಈ ಎಣಿಕೆಯ ವೃತ್ತಿಯವರನ್ನೇ ಕ್ವಾಂಟಿಟಿ ಸರ್ವೇಯರ್ ಎಂದು ಕರೆಯುವರು. ಹೆಸರಿನಲ್ಲಿ ಸರ್ವೆ ಎಂಬ ಮಾತಿರುವುದರಿಂದ ಜಮೀನಿಗೆ ಸರಪಣಿ ಹಿಡಿಯುವವರೆಂದು ತಿಳಿಯಬಾರದು. ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರರು ಎಸ್ಟಿಮೇಟು ಬರೆದು, ಕೆಲಸವಾದ ಮೇಲೆ ಟೇಪು ಹಿಡಿದು ಅಳೆದು, ಮೆಷರ್‌ಮೆಂಟ್ ಬುಕ್ಕಿನಲ್ಲಿ ಬರೆದು ಬಿಲ್ಲು ಮಾಡುವುದನ್ನು ವಾಚಕರು ಕಂಡಿರಬಹುದು. ನಮ್ಮಲ್ಲಿ ಇಂಜಿನಿಯರನ ಹಲವು ಕೆಲಸಗಳಲ್ಲಿ ಒಂದಾಗಿರುವ ಇದೇ ಕೆಲಸವು ಇಂಗ್ಲೆಂಡಿನಲ್ಲಿ ಸ್ವತಂತ್ರ ವೃತ್ತಿಯಾಗಿ ಬೆಳೆಯಿತು. ಅಲ್ಲಿ ಮೊದಲು ಒಂದು ಕಟ್ಟಡಕ್ಕೆ ಹತ್ತು ಮಂದಿ ಗುತ್ತಿಗೆದಾರರು ಟೆಂಡರು ಹಾಕಿದರೆ ಹತ್ತು ಮಂದಿಯೂ ಬೇರೆಬೇರೆಯಾಗಿ ಅಳತೆ ಮಾಡಿಸಬೇಕಾಗಿತ್ತು. ಒಬ್ಬನೇ ನಿಷ್ಪಕ್ಷಪಾತಿಯಾದ ಲೆಕ್ಕಗಾರನು ಎಲ್ಲರಿಗೂ ಒಂದೇ ಪರಿಮಾಣಪಟ್ಟಿಯನ್ನು ಮಾಡಿಕೊಟ್ಟರೆ, ಗುತ್ತಿಗೆದಾರರು ದರವನ್ನು ಮಾತ್ರ ತುಂಬಿದರೆ ಸಾಕೆಂಬ ಏರ್ಪಾಡು ಕ್ರಮೇಣ ಬಂದಿತು. ೧೮೬೮ರಲ್ಲಿ ಲಂಡನ್ನಿನಲ್ಲಿ ಸರ್ವೇಯರರ ಸಂಸ್ಥೆಯು ಸ್ಥಾಪಿತವಾಗಿ, ೧೮೮೧ರಲ್ಲಿ ರಾಣಿಯ ಸನ್ನದನ್ನು ಪಡೆಯಿತು. ಇಂದು ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯು ಇದೇ. ಬ್ರಿಟಿಷರ ಪದ್ಧತಿಯು ಹರಡಿದ ಕಡೆಗಳಿಗೆಲ್ಲ, ಸಿಂಗಾಪುರ, ಮಲೇಷ್ಯ, ಹಾಂಗ್‌ಕಾಂಗ್, ಅರಬ್ಬೀ ಕೊಲ್ಲಿಗಳಿಗೂ, ಈ ವೃತ್ತಿಯು ಹೋಯಿತು.

ನಮ್ಮ ಅಣ್ಣನವರು ಪುತ್ತೂರು ಸೀಮೆಯಲ್ಲಿ ಓವರ್ಸಿಯರಾಗಿದ್ದು ನಿವೃತ್ತರಾದವರು. ಮಗಳು ಸಿವಿಲ್ ಇಂಜಿನಿಯರಿಂಗು ಮುಗಿಸಿ, ಬೆಂಗಳೂರಿನ ಒಬ್ಬ ಗುತ್ತಿಗೆದಾರರಲ್ಲಿ ಒಂದು ವರ್ಷ ಕೆಲಸ ಕಲಿತು, ೨೦೦೭ರಲ್ಲಿ ದುಬಾಯಿಗೆ ಹೋದಳು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ ೧೬೨ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆಂಬ ಸೂತ್ರವನ್ನು ತಂದೆಯಿಂದ ಬಾಲ್ಯದಲ್ಲಿಯೇ ಕಲಿತಿದ್ದಳು. ಈ ಲೆಕ್ಕವು ಎಲ್ಲಿಗೆ ಹೋದರೂ ಬದಲಾಗುವುದಿಲ್ಲ. ಆದರೆ ಅಳತೆಯ ನಿಯಮಗಳು ಬದಲಾಗುತ್ತವೆ. ನಮ್ಮ ದೇಶದಲ್ಲಿ ಐ. ಎಸ್. ೧೨೦೦ ಎಂಬ ಪ್ರಮಾಣಗ್ರಂಥದಂತೆ, ಗಿಲಾಯಿಯಲ್ಲಿ ಅರ್ಧ ಚದರ ಮೀಟರಿಗೆ ಮೀರದ ಕಿಂಡಿಯನ್ನು ಅಳತೆಯಿಂದ ಕಳೆಯುವುದಿಲ್ಲ. ಕೊಲ್ಲಿಯ ಸೀಮೆಯಲ್ಲಿಯಾದರೋ ಲಂಡನ್ ಸಂಸ್ಥೆಯು ೧೯೭೯ರಲ್ಲಿ ಹೊರಡಿಸಿದ ಅಂತರರಾಷ್ಟ್ರೀಯ ಅಳತೆಯ ಸೂತ್ರಗಳು ಬಹಳವಾಗಿ ಬಳಕೆಯಲ್ಲಿವೆ. ಆದುದರಿಂದ ಹೊಸದಾಗಿ ಹೋದವರು ನಕ್ಷೆಯನ್ನು ಮುಟ್ಟುವ ಮೊದಲು ಆ ಕರಾರಿನಲ್ಲಿ ಯಾವ ಅಳತೆಯ ನಿಯಮವನ್ನು ಹೇಳಿದೆಯೆಂದು ನೋಡತಕ್ಕದ್ದು. ಊರಿನ ಪದ್ಧತಿಯನ್ನೇ ಪರದೇಶದ ಪಟ್ಟಿಗೆ ಹಾಕಿದರೆ ಲೆಕ್ಕವು ಸರಿಯಿದ್ದೂ ಬಿಲ್ಲು ತಪ್ಪಾಗುತ್ತದೆ.

ಒಂದು ದಿನ ಅವಳು ನಮ್ಮನ್ನು ಕೆಲಸ ನಡೆಯುತ್ತಿದ್ದ ಒಂದು ಕಟ್ಟಡದ ಕಚೇರಿಗೆ ಕರೆದುಕೊಂಡು ಹೋದಳು. ನಮಗೂ ತಲೆಗೆ ಗಟ್ಟಿ ಟೋಪಿಯನ್ನು ಇಡಿಸಿದರು. ಒಳಗೆ ನೋಡಿದರೆ ಗಾರೆಯ ವಾಸನೆಯೂ ಇಲ್ಲ, ಗದ್ದಲವೂ ಇಲ್ಲ. ಕೇರಳದವರು, ಶ್ರೀಲಂಕೆಯವರು, ಫಿಲಿಪೈನಿನವರು, ಆಂಗ್ಲರು ಗಣಕಯಂತ್ರಗಳ ಮುಂದೆ ಕುಳಿತಿದ್ದರು. ಅವರ ತಿಂಗಳ ಕೆಲಸದ ಕ್ರಮವು ಹೀಗೆ: ತಿಂಗಳ ಕೊನೆಯಲ್ಲಿ ಗುತ್ತಿಗೆದಾರರ ಕಡೆಯವರು ಅಷ್ಟರವರೆಗೆ ಆದ ಕೆಲಸವನ್ನು ಅಳೆದು ಪಟ್ಟಿ ಕೊಡುವರು. ಯಜಮಾನರ ಪರವಾಗಿ ಸಲಹೆಗಾರರ ಕಡೆಯ ಸರ್ವೇಯರು ಅದನ್ನು ಸ್ಥಳದಲ್ಲಿ ಪರೀಕ್ಷಿಸಿ ಎಷ್ಟು ಒಪ್ಪತಕ್ಕದ್ದೆಂದು ಹೇಳುವರು. ಅದರಲ್ಲಿ ಮುಂಗಡದ ಕಂತನ್ನೂ, ಕೆಲಸ ಕೆಟ್ಟರೆ ಬೇಕಾದೀತೆಂದು ಹಿಡಿದಿಡತಕ್ಕ ಅಂಶವನ್ನೂ ಕಳೆದು ಉಳಿದ ಹಣಕ್ಕೆ ಪ್ರಮಾಣಪತ್ರವಾಗುವುದು. ನಕ್ಷೆಯು ನಡುವೆ ಬದಲಾದರೆ ಅದಕ್ಕೆ ಬೇರೆ ಬೆಲೆ ಕಟ್ಟಬೇಕು. ಕಟ್ಟಡವು ಮುಗಿದ ಮೇಲೆ ಕಡೆಯ ಲೆಕ್ಕವನ್ನು ತೀರಿಸುವುದಕ್ಕೆ ಕೆಲವೊಮ್ಮೆ ವರ್ಷಗಳೇ ಹಿಡಿಯುವುದುಂಟು.

"ಹತ್ತು ಮಿಲಿಮೀಟರಿನ ತಪ್ಪು ದೊಡ್ಡದೇ?" ಎಂದು ನಮ್ಮ ಮನೆಯವರು ಕೇಳಿದರು. ಅದಕ್ಕೆ ಅವಳು ಕಾಗದದ ಮೇಲೆ ಬರೆದು ತೋರಿಸಿದಳು: "ಒಂದು ಅಂತಸ್ತು ಸಾವಿರ ಚದರ ಮೀಟರು ಇದೆಯೆನ್ನಿ, ಚಿಕ್ಕಮ್ಮ. ಚಪ್ಪಡಿಯ ದಪ್ಪ ಹತ್ತು ಮಿಲಿಮೀಟರು ತಪ್ಪಿದರೆ ಹತ್ತು ಘನ ಮೀಟರು ಕಾಂಕ್ರೀಟು. ಅಂಥ ನಲವತ್ತು ಅಂತಸ್ತುಗಳಿದ್ದರೆ ನಾನೂರು ಘನ ಮೀಟರು." ಅಡಿಗೆಮನೆಯಲ್ಲಿ ಒಂದು ಚಿಟಿಕೆ ಹೆಚ್ಚು ಕಡಿಮೆ ನಡೆದೀತು, ಇಲ್ಲಿ ನಡೆಯದೆಂದು ನಮ್ಮ ಮನೆಯವರು ಒಪ್ಪಿದರು.

ಅಳತೆಯಷ್ಟೇ ಮುಖ್ಯವಾದದ್ದು ಕರಾರಿನ ಜ್ಞಾನ. ೧೯೧೩ರಲ್ಲಿ ಸ್ಥಾಪಿತವಾದ ಫಿಡಿಕ್ ಎಂಬ ಅಂತರರಾಷ್ಟ್ರೀಯ ಸಂಘದ ಕರಾರುಗಳು ಆ ಸೀಮೆಯಲ್ಲಿ ವಿಶೇಷವಾಗಿ ನಡೆಯುತ್ತವೆ. ಅದರ ೧೯೯೯ರ ಕೆಂಪು ಪುಸ್ತಕದ ನಿಯಮದಂತೆ, ಗುತ್ತಿಗೆದಾರನಿಗೆ ಹೆಚ್ಚು ಹಣವಾಗಲಿ ಕಾಲವಾಗಲಿ ಬೇಕಾದ ಕಾರಣವುಂಟಾದರೆ, ಅದು ತಿಳಿದ ೨೮ ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದರೆ ಹಕ್ಕು ಹೋಗುವುದು. ಒಂದು ಕಾಗದವು ಒಂದು ದಿನ ತಡವಾದುದರಿಂದ ಲಕ್ಷಾಂತರ ದಿರ್ಹಮುಗಳು ಕೈಬಿಟ್ಟು ಹೋಗಬಹುದು. ಆದುದರಿಂದಲೇ ಚೆನ್ನಾಗಿ ಕಾಗದ ಬರೆಯಬಲ್ಲ ಸರ್ವೇಯರಿಗೆ ಅಲ್ಲಿ ಮನ್ನಣೆ ಹೆಚ್ಚು.

ಇಷ್ಟನ್ನು ಓದಿ ಇದೊಂದು ಸುಖದ ದಾರಿಯೆಂದು ವಾಚಕರು ತಿಳಿಯಬಾರದು. ಅಣ್ಣನ ಮಗಳು ಹೋದ ಎರಡನೆಯ ವರ್ಷದಲ್ಲಿಯೇ ಕಷ್ಟವು ಬಂದಿತು. ೨೦೦೮ರ ಜಗತ್ತಿನ ಹಣದ ಮುಗ್ಗಟ್ಟಿನಲ್ಲಿ ದುಬಾಯಿಯ ಕಟ್ಟೋಣಗಳು ಒಂದೊಂದಾಗಿ ನಿಂತವು. ೨೦೦೯ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರದ ದುಬಾಯಿ ವರ್ಲ್ಡ್ ಎಂಬ ಮಂಡಲಿಯೇ ಸಾಲದ ತೀರುವಳಿಗೆ ವಾಯಿದೆ ಕೇಳಿತು. ನೆರೆಯ ಅಬುಧಾಬಿಯು ಡಿಸೆಂಬರಿನಲ್ಲಿ ೧,೦೦೦ ಕೋಟಿ ಡಾಲರು ಕೊಟ್ಟು ನೆರವಾಯಿತು. ಬುರ್ಜ್ ದುಬಾಯಿ ಎಂದು ಹೆಸರಾಗಿದ್ದ ಗೋಪುರಕ್ಕೆ ಪ್ರಾರಂಭೋತ್ಸವದ ದಿನ ಅಬುಧಾಬಿಯ ದೊರೆ ಖಲೀಫರ ಹೆಸರನ್ನು ಇಟ್ಟದ್ದು ಅದಾದ ಕೆಲವೇ ವಾರಗಳಲ್ಲಿ.

ಅಂತಹ ಕಾಲದಲ್ಲಿ ಒಂದು ತಿಂಗಳ ಬಿಲ್ಲಿಗೆ ಅವಳ ಮೇಲಿನವರು, ಇನ್ನೂ ಹಾಸದೆ ಇದ್ದ ತಳಪಾಯದ ಕಂಬಿಯನ್ನೂ ಹಾಸಿದಂತೆ ಬರೆಯಲು ಹೇಳಿದರಂತೆ. ಕಂಪೆನಿಗೆ ಹಣದ ಅಡಚಣೆ. ಮುಂದಿನ ತಿಂಗಳು ಹೇಗೂ ಹಾಸುವೆವೆಂದು ಸಮಾಧಾನ ಹೇಳಿದರು. ಅವಳಿಗೆ ಆಗ ಇಪ್ಪತ್ತೈದು ವರ್ಷ. ಊರಿನಲ್ಲಿ ತಮ್ಮನ ಓದಿಗೆ ಹಣ ಹೋಗಬೇಕಾಗಿತ್ತು. "ನೆಲದ ಮೇಲೆ ಇಲ್ಲದ ಉಕ್ಕನ್ನು ಕಾಗದದ ಮೇಲೆ ತರಲಾರೆ ಸರ್; ಬೇರೆಯವರಿಂದ ರುಜು ಹಾಕಿಸಿ" ಎಂದು ಹೇಳಿದಳು. ಮುಂದಿನ ತಿಂಗಳು ಕೆಲಸದಿಂದ ತೆಗೆದವರ ಪಟ್ಟಿಯಲ್ಲಿ ಅವಳ ಹೆಸರಿದ್ದಿತು. ಅದೇ ಕಾರಣವೋ, ಕಾಲದ ಕಾರಣವೋ, ಹೇಳಬರುವಂತಿಲ್ಲ. ಆ ಪಟ್ಟಿಯಲ್ಲಿ ಇತರರೂ ಬಹು ಮಂದಿ ಇದ್ದರು. ರಹದಾರಿ ರದ್ದಾದ ಮೇಲೆ ಆಗ ಒಂದೇ ತಿಂಗಳ ಅವಕಾಶವಿದ್ದಿತು. ಬೇರೆ ಕೆಲಸ ಸಿಕ್ಕದೆ ಊರಿಗೆ ಮರಳಿದಳು.

ನಮ್ಮ ಅಣ್ಣನವರು ಆಗ ಒಂದೇ ಮಾತನ್ನು ಕೇಳಿದರು: "ಬುಕ್ಕಿನಲ್ಲಿ ನಿನ್ನ ರುಜು ಎಲ್ಲಿಯೂ ಸುಳ್ಳಾಗಿಲ್ಲವಷ್ಟೆ?" ಇಲ್ಲವೆಂದಳು. "ಹಾಗಾದರೆ ಊಟ ಮಾಡು" ಎಂದರು. ಏಳು ತಿಂಗಳು ಅವಳು ಮನೆಯಲ್ಲಿಯೇ ಇದ್ದು ಕರಾರಿನ ಪುಸ್ತಕಗಳನ್ನು ಓದಿದಳು. ೨೦೧೦ರಲ್ಲಿ, ಮೊದಲು ಮೇಜಿನ ಎದುರು ಪಕ್ಕದಲ್ಲಿ ಕುಳಿತು ಅವಳ ಬಿಲ್ಲುಗಳನ್ನು ಪರೀಕ್ಷಿಸುತ್ತಿದ್ದ ಸಲಹೆಗಾರರ ಕಡೆಯಿಂದಲೇ ಕರೆ ಬಂದಿತು. ಸಂಬಳವು ಹಿಂದಿನದಕ್ಕಿಂತ ಕಡಿಮೆಯೇ. ಆದರೂ ಹೋದಳು. ಅವಳ ಪಟ್ಟಿಯನ್ನು ಎರಡನೆಯ ಸಲ ಅಳೆಯಬೇಕಾಗಿ ಬರಲಿಲ್ಲವೆಂಬುದು ಅವರ ನೆನಪಿನಲ್ಲಿ ಉಳಿದಿತ್ತಂತೆ.

ಮುಂದೆ ಅವಳು ಲಂಡನ್ ಸಂಸ್ಥೆಯ ಸದಸ್ಯತ್ವಕ್ಕೆ ಸಿದ್ಧಳಾದಳು. ಇದು ಪುಸ್ತಕದ ಪರೀಕ್ಷೆಯಲ್ಲ. ಕೆಲಸದ ಅನುಭವವನ್ನು ದಿನಚರಿಯಂತೆ ಬರೆದಿಟ್ಟು, ಹಿರಿಯ ಸದಸ್ಯರೊಬ್ಬರಿಂದ ಒಪ್ಪಿಸಿ, ತಾನು ಮಾಡಿದ ಒಂದು ಕೆಲಸದ ಮೇಲೆ ಪ್ರಬಂಧ ಬರೆದು, ಕೊನೆಗೆ ಒಂದು ಗಂಟೆಯ ಕಾಲ ಪರೀಕ್ಷಕರ ಮಂಡಲಿಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದರಲ್ಲಿ ವೃತ್ತಿಧರ್ಮದ ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರ ಬಾರದಿದ್ದರೆ ಮಿಕ್ಕದ್ದೆಷ್ಟು ಚೆನ್ನಾಗಿದ್ದರೂ ತೇರ್ಗಡೆಯಿಲ್ಲ. ಅವಳು ಎರಡನೆಯ ಸಲ ಕುಳಿತಾಗ ತೇರ್ಗಡೆಯಾದಳು. ಹೆಸರಿನ ಮುಂದೆ ನಾಲ್ಕೈದು ಅಕ್ಷರಗಳು ಸೇರಿದ ಮೇಲೆ ಸಿಂಗಾಪುರದಿಂದ ಲಂಡನ್ನಿನವರೆಗೆ ಎಲ್ಲಿ ಅರ್ಜಿ ಹಾಕಿದರೂ ಓದಿ ನೋಡುವರೆಂಬುದೇ ಅದರ ಪ್ರಯೋಜನ.

ಸಂಸಾರಿಗಳಿಗೆ ತಿಳಿದಿರಬೇಕಾದ ಕೆಲವು ಲೆಕ್ಕಗಳೂ ಉಂಟು. ಆ ದೇಶದಲ್ಲಿ ಸಂಬಳದ ಮೇಲೆ ವರಮಾನ ತೆರಿಗೆಯಿಲ್ಲ. ಆದರೆ ಮನೆಬಾಡಿಗೆಯೂ ಮಕ್ಕಳ ಶಾಲೆಯ ಫೀಜೂ ಉಳಿತಾಯದ ಬಹುಪಾಲನ್ನು ನುಂಗುವುವು. ಬಾಡಿಗೆಯನ್ನು ವರ್ಷಕ್ಕೆ ಕೆಲವೇ ಕಂತುಗಳಲ್ಲಿ, ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದುಕೊಟ್ಟು ಸಲ್ಲಿಸುವ ಪದ್ಧತಿ ಇದೆ. ಬಾಡಿಗೆ ಕಡಿಮೆಯೆಂದು ಪಕ್ಕದ ಶಾರ್ಜಾದಲ್ಲಿ ವಾಸಮಾಡಿ ದಿನಾಲು ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ಕೂಡುವವರು ಅಸಂಖ್ಯಾತರು. ನೌಕರಿ ಬಿಡುವಾಗ ಗ್ರಾಚ್ಯುಟಿ ಸಿಕ್ಕುವುದು: ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ ೨೧ ದಿನಗಳ, ಅನಂತರ ೩೦ ದಿನಗಳ ಮೂಲವೇತನ. ಮೂಲವೇತನವೆಂಬ ಮಾತನ್ನು ಗಮನಿಸತಕ್ಕದ್ದು. ಒಟ್ಟು ಸಂಬಳವನ್ನು ದೊಡ್ಡದಾಗಿ ತೋರಿಸಿ ಮೂಲವೇತನವನ್ನು ಸಣ್ಣದಾಗಿ ಬರೆದರೆ ಕಡೆಗೆ ಬರುವ ಗಂಟೂ ಸಣ್ಣದೇ.

ಕಟ್ಟಡವನ್ನು ಕೈಯಿಂದ ಕಟ್ಟುವವರ ಸ್ಥಿತಿಯನ್ನೂ ಮರೆಯಲಾಗದು. ಬೇಸಗೆಯಲ್ಲಿ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂದು ಅಲ್ಲಿನ ಸರ್ಕಾರದ ಆಜ್ಞೆಯಿದೆ. ಅಷ್ಟಾದರೂ ಸಂಜೆ ಬಸ್ಸುಗಳಲ್ಲಿ ತಲೆ ತೂಗುತ್ತ ವಸತಿಗಳಿಗೆ ಮರಳುವ ಆ ಮುಖಗಳನ್ನು ಕಂಡು ನಮ್ಮ ಮನಸ್ಸು ಭಾರವಾಯಿತು. "ಬಿಲ್ಲು ತಡವಾದರೆ ಮೊದಲು ನಿಲ್ಲುವುದು ಇವರ ಕೂಲಿ. ಅದಕ್ಕೇ ತಿಂಗಳ ಕೊನೆಯಲ್ಲಿ ನಾವು ರಾತ್ರಿ ಕೂತಾದರೂ ಅಳತೆ ಮುಗಿಸುತ್ತೇವೆ" ಎಂದು ಅಣ್ಣನ ಮಗಳು ಹೇಳಿದಳು.

ಇನ್ನು ನಾವು ಈ ವಿಚಾರವನ್ನು ಇಷ್ಟು ಕೂಲಂಕಷವಾಗಿ ಕೇಳಲು ಒಂದು ಕಾರಣವಿದ್ದಿತು. ನಮ್ಮ ನೆರೆಮನೆಯ ಗೃಹಸ್ಥರೊಬ್ಬರ ಮಗನು ಆಗ ತಾನೇ ಸಿವಿಲ್ ಇಂಜಿನಿಯರಿಂಗು ಮುಗಿಸಿದ್ದನು. ದುಬಾಯಿಯಲ್ಲಿ ಸರ್ವೇಯರ ಕೆಲಸ ಕೊಡಿಸುವೆನೆಂದು ಒಬ್ಬ ದಲ್ಲಾಳಿಯು ಎರಡೂವರೆ ಲಕ್ಷ ರೂಪಾಯಿ ಕೇಳಿದ್ದನು. ಹುಡುಗನು ಪ್ರವಾಸಿಯ ರಹದಾರಿಯಲ್ಲಿ ಹೊರಡತಕ್ಕದ್ದು, ಮಿಕ್ಕದ್ದು ಅಲ್ಲಿ ಆಗುವುದು ಎಂದಿದ್ದನು. ತಂದೆಯು ಅಡಿಕೆ ತೋಟವನ್ನು ಅಡವಿಡಲು ಸಿದ್ಧರಾಗಿದ್ದರು. ಅಣ್ಣನ ಮಗಳು ಹೇಳಿದ ಸಂಗತಿಗಳನ್ನು ನಾವು ಅಲ್ಲಿಂದಲೇ ಅವರಿಗೆ ತಿಳಿಸಿದೆವು. ಪರದೇಶಕ್ಕೆ ಜನರನ್ನು ಕಳುಹಿಸತಕ್ಕ ದಲ್ಲಾಳಿಯು ೧೯೮೩ರ ವಲಸೆ ಕಾಯಿದೆಯಂತೆ ಭಾರತ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನು ತೆಗೆದುಕೊಳ್ಳಬಹುದಾದ ಹಣ ತೆರಿಗೆಯಲ್ಲದೆ ೩೦,೦೦೦ ರೂಪಾಯಿಗೆ ಮೀರಕೂಡದು. ಒಕ್ಕೂಟದ ೨೦೨೧ರ ಕಾರ್ಮಿಕ ಕಾಯಿದೆಯಂತೆ ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದೇ ನಿಷಿದ್ಧ. ಪ್ರವಾಸಿಯ ರಹದಾರಿಯಲ್ಲಿ ಕೆಲಸ ಮಾಡುವುದು ಅಪರಾಧ. ರಹದಾರಿಯ ಪುಸ್ತಕವನ್ನು ಯಜಮಾನನು ಇಟ್ಟುಕೊಳ್ಳುವಂತಿಲ್ಲ.

ಆ ಗೃಹಸ್ಥರು ದಲ್ಲಾಳಿಯ ನೋಂದಣಿ ಪತ್ರವನ್ನು ಕೇಳಿದರು. ನಾಳೆ ತೋರಿಸುವೆನೆಂದು ಹೋದವನು ಮತ್ತೆ ಬರಲಿಲ್ಲ. ತೋಟವು ಉಳಿಯಿತು. ಹುಡುಗನು ಕೆಲವು ದಿನ ಮುಖ ಸಿಂಡರಿಸಿಕೊಂಡಿದ್ದು, ಈಗ ಬೆಂಗಳೂರಿನಲ್ಲಿ ಒಂದು ವಸತಿ ಸಮುಚ್ಚಯದ ಕೆಲಸದಲ್ಲಿ ಟೇಪು ಹಿಡಿಯುತ್ತಿದ್ದಾನೆ.

ಅವನಿಗೆ ಅಣ್ಣನ ಮಗಳು ಹೇಳಿಕಳುಹಿಸಿದ ಬುದ್ಧಿವಾದವನ್ನೇ ಈ ದಾರಿಯನ್ನು ಹಿಡಿಯಬಯಸುವ ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಮೊದಲು ಎರಡು ಮೂರು ವರ್ಷ ಸ್ವದೇಶದಲ್ಲಿಯೇ ಕಟ್ಟಡವನ್ನು ತಳಪಾಯದಿಂದ ಮಾಳಿಗೆಯವರೆಗೆ ಅಳೆದು ಕಲಿಯಬೇಕು. ಕಂಬಿ ಕಟ್ಟುವುದನ್ನು ಕಣ್ಣಾರೆ ನೋಡದವನಿಗೆ ಕಂಬಿಯ ಲೆಕ್ಕವು ಬಾರದು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, ಮಿತವಾಗಿ ಕಾಗದ ಬರೆಯಲು ಅಭ್ಯಾಸ ಮಾಡಬೇಕು. ಕರಾರಿನ ಪುಸ್ತಕವನ್ನು ಪೂರ್ತಿಯಾಗಿ ಓದಬೇಕು. ಕೆಲಸದ ಕಾಗದ ಕೈಗೆ ಬಂದ ಮೇಲೆ ಪದವಿಪತ್ರಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಆ ದೇಶದ ರಾಯಭಾರಿ ಕಚೇರಿ, ಹೀಗೆ ಕ್ರಮವಾಗಿ ಮೊಹರು ಹಾಕಿಸಬೇಕು. ಅಲ್ಲಿಗೆ ಹೋದ ಮೇಲೆ ಆರು ತಿಂಗಳ ಮನೆಖರ್ಚನ್ನು ಮುಟ್ಟದೆ ತೆಗೆದಿಡಬೇಕು. ಏಕೆಂದರೆ ಕಟ್ಟೋಣದ ಉದ್ಯೋಗವು ಮಳೆಗಾಲದ ಹೊಳೆಯಂತೆ ಏರುವುದೂ ಬೇಗ, ಇಳಿಯುವುದೂ ಬೇಗ.

ತಂದೆತಾಯಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಪರದೇಶದಿಂದ ಬರುವ ಹಣವನ್ನು ಎಣಿಸುವಾಗ, ಆ ಮಗುವು ಯಾವ ಕಾಗದಕ್ಕೆ ರುಜು ಹಾಕಿ ಅದನ್ನು ಸಂಪಾದಿಸಿತೆಂದು ಒಮ್ಮೆಯಾದರೂ ಕೇಳಬೇಕು. ಹಾಗೆ ಕೇಳುವ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಸಾವಿರ ಹರದಾರಿ ದೂರದಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ಇಲ್ಲವೆನ್ನತಕ್ಕ ಕಡೆಯಲ್ಲಿ ಇಲ್ಲವೆನ್ನುವ ಧೈರ್ಯವುಂಟಾಗುವುದು.